ಸೊಸೈಟಿಯ ಕಂಪ್ಯೂಟರಿಗೆ ಫಾರ್ಮ್ಯಾಟ್ ಹೊಡೆದದ್ದು

ನಮ್ಮ ಅಂಗಡಿಯಲ್ಲಿ ಎಲ್ಲ ರೋಗಕ್ಕೂ ಒಂದೇ ಮದ್ದಿತ್ತು. ಫಾರ್ಮ್ಯಾಟ್ ಹೊಡೆಯೋದು. ಕಂಪ್ಯೂಟರ್ ನಿಧಾನ ಆಯಿತಾ, ಫಾರ್ಮ್ಯಾಟ್. ಪ್ರಿಂಟರ್ ಮಾತು ಕೇಳಲಿಲ್ಲವಾ, ಫಾರ್ಮ್ಯಾಟ್. ಒಳಗಿದ್ದದ್ದನ್ನೆಲ್ಲ ಒರೆಸಿ, ಮೊದಲಿಂದ ಎಲ್ಲ ತುಂಬಿ, ಮೇಲೊಂದು ಒದ್ದೆ ಬಟ್ಟೆ ಆಡಿಸಿ ಗಿರಾಕಿಯ ಕೈಗೆ ಕೊಟ್ಟರೆ ಆತನೂ ಖುಷಿ, ನಮ್ಮ ಮಾಲೀಕರೂ ಖುಷಿ.

ಮಾಲೀಕರು ನಾಗೇಶ್ವರರಾಯರು. ಅಂಗಡಿ ಬಳ್ಳಾರಿಯಲ್ಲಿ, ಮನೆ ಬಳ್ಳಾರಿಯಲ್ಲಿ, ಸಿಟ್ಟು ಮಾತ್ರ ತೆಲುಗಿನಲ್ಲಿ. ನಾನು ಯಾವುದಾದರೂ ಡಬ್ಬಿಯ ಮುಂದೆ ತಲೆ ಕೆರೆದುಕೊಂಡು ಕೂತದ್ದು ಕಂಡರೆ ಸಾಕು, ಗಲ್ಲಾಪೆಟ್ಟಿಗೆ ಹಿಂದಿನಿಂದಲೇ ಕೂಗೋರು. "ಏನ್ರಾ ಬಸಣ್ಣ, ಅದರ ಜಾತಕ ನೋಡ್ತಿದ್ದೀಯಾ? ಕೊಟ್ಟೇಯ್‌ರಾ ಫಾರ್ಮ್ಯಾಟು!" ನಾನು ಹೊಡೆದೇಬಿಡುತ್ತಿದ್ದೆ. ಅವರು ಕೆಟ್ಟವರಲ್ಲ. ನನ್ನ ಮಗಳ ಮದುವೆಗೆ ಅಂಗಡಿ ಮುಚ್ಚಿಕೊಂಡು ಬಂದು ಬಡಿಸೋಕೆ ನಿಂತವರು. ಆದರೆ ಕಾರಣ ಹುಡುಕೋದಕ್ಕೆ ಯಾರೂ ದುಡ್ಡು ಕೊಡೋದಿಲ್ಲ, ಒರೆಸೋದಕ್ಕೆ ಕೊಡುತ್ತಾರೆ ಅನ್ನೋದು ಅವರ ಲೆಕ್ಕ. ಆ ಲೆಕ್ಕದಲ್ಲೇ ನಾನು ಕಂಪ್ಯೂಟರ್ ಕಸುಬು ಕಲಿತೆ.

ಅದಕ್ಕೂ ಮೊದಲು ನಾನು ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದವನು. ಅದರಲ್ಲಿ ಒರೆಸೋ ಮಾತೇ ಇರಲಿಲ್ಲ. ಯಾವ ಕಡ್ಡಿ ಸೊಟ್ಟಗಾಗಿದೆ, ಯಾವ ಸ್ಪ್ರಿಂಗು ಸೋತಿದೆ ಅಂತ ಹುಡುಕಲೇಬೇಕು. ಕಂಪ್ಯೂಟರ್ ಬಂದ ಮೇಲೆ ಹುಡುಕೋ ಚಾಳಿ ಬಿಟ್ಟುಹೋಯಿತು. ಈಗ ಈ ಕಸುಬಿಗೆ ಬರೋ ಹುಡುಗ ಹುಡುಗಿಯರು ನನ್ನ ಕಂಡರೆ "ಅಂಕಲ್, ಆವಾಗ ಹೆಂಗಿತ್ತು?" ಅಂತ ಕೇಳುತ್ತಾರೆ. ಸೀಡಿ ಹೋಗಿ ಪೆನ್ ಡ್ರೈವ್ ಬಂದದ್ದು, ಪೆನ್ ಡ್ರೈವೂ ಹೋಗಿ ಈಗ ಎಲ್ಲೋ ಕೂತು ಇನ್ನೆಲ್ಲಿಯದೋ ಕಂಪ್ಯೂಟರ್ ರಿಪೇರಿ ಮಾಡೋದು, ಇದನ್ನೆಲ್ಲ ಹೇಳಬಹುದು. ಅದು ನಿಮಗೇ ಗೊತ್ತಾಗುತ್ತೆ. ನಾನು ಹೇಳಬೇಕಾದ್ದು ಬೇರೆ ಇದೆ. ಬಳ್ಳಾರಿಯ ನಮ್ಮ ಕಸುಬಿನವರಿಗೆ ಅದು ಗೊತ್ತಿರೋ ಸಂಗತಿಯೇ. ಚಹಾದಂಗಡಿಯಲ್ಲಿ ಈಗಲೂ ನನ್ನನ್ನು ಆಡಿಕೊಳ್ಳುತ್ತಾರೆ. ಆದರೆ ಆಡಿಕೊಳ್ಳೋರು ನಗೋ ಭಾಗ ಮಾತ್ರ ಹೇಳುತ್ತಾರೆ.

ನಗೋ ಭಾಗಗಳೂ ಇದ್ದವು, ಇಲ್ಲ ಅನ್ನೋದಿಲ್ಲ. ಜೀನ್ಸ್ ಹೊಲಿಯೋ ಒಂದು ಕಾರ್ಖಾನೆಯ ಕಂಪ್ಯೂಟರ್ ಪದೇ ಪದೇ ತಾನೇ ಆರಿಹೋಗುತ್ತಿತ್ತು. ಫಾರ್ಮ್ಯಾಟ್ ಹೊಡೆದೆ, ಆರಿತು. ಮತ್ತೆ ಹೊಡೆದೆ, ಮತ್ತೆ ಆರಿತು. ಮತ್ತೊಂದು ಸಲ ಹೊಡೆಯೋಕೆ ಹೋದಾಗ ಸ್ಕ್ರೂ ಒಂದು ಕೈಜಾರಿ ಒಳಗೆ ಬಿತ್ತು ಅಂತ ಮುಚ್ಚಳ ಬಿಚ್ಚಿದರೆ, ಫ್ಯಾನಿನ ತುಂಬ ನೀಲಿ ಅರಳೆ! ಜೀನ್ಸ್ ಬಟ್ಟೆಯ ಜುಂಗು ಗೂಡು ಕಟ್ಟಿಕೊಂಡು ಕೂತಿತ್ತು. ಕೈಯಿಂದ ಕಿತ್ತು ಹಾಕಿದೆ, ಡಬ್ಬಿ ತಣ್ಣಗಾಯಿತು. ಅಲ್ಲಿನ ಹೆಣ್ಣುಮಕ್ಕಳು ನನಗೆ ಫಾರ್ಮ್ಯಾಟ್ ಬಸಣ್ಣ ಅಂತ ಹೆಸರಿಟ್ಟರು.

ಆಮೇಲೆ ಹ್ಯಾಕು ಅನ್ನೋ ಮಾತಿನ ಕಾಲ ಬಂತು. ಟೀವಿಯಲ್ಲಿ ಅದೇ, ಮೊಬೈಲಿನಲ್ಲಿ ಅದೇ. ಮೊದಲು ವೈರಸ್ ಬಂದಿದೆ ಅನ್ನುತ್ತಿದ್ದ ಜನ ಈಗ ಯಾವುದಕ್ಕೂ ಹ್ಯಾಕ್ ಆಗೈತಿ ಅನ್ನೋಕೆ ಶುರು ಮಾಡಿದರು. ಹಲಕುಂದಿ ಕಡೆಯ ಒಬ್ಬ ಸಿಮೆಂಟ್ ವ್ಯಾಪಾರಿ ಹ್ಯಾಕ್ ಆಗಿದೆ ಅಂತ ಗಾಬರಿಯಲ್ಲಿ ಕರೆಸಿದ. ಹೋಗಿ ನೋಡಿದರೆ ಮಾನಿಟರನ್ನು ತಲೆಕೆಳಗಾಗಿ ಇಟ್ಟು, ಇಟ್ಟಿಗೆ ಒತ್ತುಕೊಟ್ಟು, ಅದರಲ್ಲೇ ಬಿಲ್ಲು ಹೊಡೆಯುತ್ತಿದ್ದ. ಕೀಬೋರ್ಡಿನ ಮೇಲೆ ಏನೋ ತಗುಲಿ ಪರದೆಯ ಚಿತ್ರ ತಿರುಗಿಬಿಟ್ಟಿತ್ತು, ಅಷ್ಟೇ. ಎರಡು ಗುಂಡಿ ಒತ್ತಿದೆ, ಸರಿಯಾಯಿತು. ಆತ ನನ್ನ ಮುಖವನ್ನೇ ನೋಡಿ, "ಇಷ್ಟಕ್ಕ ನಾನು ಇಟ್ಟಿಗಿ ಹೊತ್ತೆನಲ್ಲಪ್ಪ" ಅಂದ. ಆ ದಿನ ನಾನು ಬಳ್ಳಾರಿಗೆ ನಗುತ್ತಲೇ ಬಂದೆ. ಹ್ಯಾಕು ಅನ್ನೋ ಮಾತಿಗೆ ಜನ ಎಷ್ಟು ಹೆದರುತ್ತಾರಪ್ಪ, ನಮ್ಮಂಥ ತಿಳಿದವರು ಹೆದರೋದಿಲ್ಲ ಅಂದುಕೊಂಡೆ.

ಸಿರುಗುಪ್ಪದ ಕರೆ ಬಂದದ್ದು ಆ ದಿನಗಳಲ್ಲೇ.

ಅದು ರೈತರ ಒಂದು ಸೊಸೈಟಿ. ಹೆಸರು ಬೇಡ. ಅಲ್ಲಿ ಹಣಕಾಸಿನ ಲೆಕ್ಕಕ್ಕೆ ಬೇರೆ ಕಂಪ್ಯೂಟರ್ ಇತ್ತು. ಕೆಟ್ಟದ್ದು ಕನ್ನಡ ಟೈಪಿಂಗಿನ ಕಂಪ್ಯೂಟರು. ಸಭೆಯ ನಡಾವಳಿ, ಸದಸ್ಯರ ಅರ್ಜಿ, ಬೆಳೆ ವಿಮೆಯ ಕಾಗದ, ನೀರಿನ ತಕರಾರು, ಎಲ್ಲ ಅದರಲ್ಲಿ. ಅವನ್ನೆಲ್ಲ ವರ್ಷಗಟ್ಟಲೆ ಟೈಪ್ ಮಾಡಿದಾಕೆ ಹುಲಿಗೆಮ್ಮ. ಅಲ್ಲೇ ಹತ್ತಿರದ ಹಳ್ಳಿಯ ಹುಡುಗಿ, ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದಳು. ಅವಳ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಮಾಡೋ ಕೆಲಸಕ್ಕೆ ಹೋದ ಮೊದಲನೆಯಾಕೆ ಅವಳೇ ಅಂತ ಆಮೇಲೆ ತಿಳಿಯಿತು.

ನಾನು ಹೋದಾಗ ಸೊಸೈಟಿಯಲ್ಲಿ ಜನ ಕಿಕ್ಕಿರಿದಿದ್ದರು. ಗೊಬ್ಬರ ಬಂದ ದಿನ. ಕೌಂಟರಿನ ಈಚೆ ರೈತರು, ಆಚೆ ಕಂಪ್ಯೂಟರು. ಮ್ಯಾನೇಜರ್ ಪಂಪಾಪತಿ ಕೈ ಹಿಡಿದು ಎಳಕೊಂಡೇ ಹೋಗಿ ತೋರಿಸಿದರು. ನೋಡಿದೆ. ಯಾವ ಫೈಲು ತೆಗೆದರೂ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಅದರ ತಲೆಯ ಮೇಲೆ ಓರೆ ಗೆರೆ, ನಡುನಡುವೆ ಪೌಂಡಿನ ಗುರುತು, ಎಂಥೆಂಥದೋ ಕೊಂಬು ಬಾಲ. ಒಂದು ಫೈಲಲ್ಲ, ಎಲ್ಲವೂ ಹಾಗೆಯೇ.

"ಹ್ಯಾಕ್ ಆಗೈತೇನ್ರಿ?" ಅಂದರು ಪಂಪಾಪತಿ.

ಇಲ್ಲೇ ನಾನು ನಿಲ್ಲಬೇಕಿತ್ತು. ಆ ಅಕ್ಷರಗಳನ್ನು ನಾನು ಮೊದಲು ಕಂಡಿರಲಿಲ್ಲ ಅಂದರೆ ಸುಳ್ಳಾಗುತ್ತೆ. ಆ ಕಾಲದ ಕನ್ನಡ ಟೈಪಿಂಗು ಹೇಗಿತ್ತಪ್ಪ ಅಂದರೆ, ಒಳಗೆ ಕೂತಿರೋದು ಆ ಸೊಟ್ಟ ಅಕ್ಷರಗಳೇ. ಫಾಂಟ್ ಅಂತ ಒಂದು ಫೈಲು ಇರುತ್ತೆ, ಅದು ಅವಕ್ಕೆ ಕನ್ನಡದ ವೇಷ ಹಾಕಿ ಪರದೆ ಮೇಲೆ ತರುತ್ತೆ. ಫಾಂಟ್ ಹೋದರೆ ವೇಷ ಕಳಚುತ್ತೆ, ಒಳಗಿನ ಬರಹಕ್ಕೆ ಏನೂ ಆಗಿರೋದಿಲ್ಲ. ಫಾಂಟನ್ನು ಮತ್ತೆ ಹಾಕಿದರೆ ಎಲ್ಲ ಇದ್ದ ಹಾಗೇ ಬರುತ್ತೆ. ಇದು ನನಗೆ ಗೊತ್ತಿತ್ತು. ಎಷ್ಟೋ ಕಂಪ್ಯೂಟರಿಗೆ ನಾನೇ ಫಾಂಟ್ ಹಾಕಿದ್ದೆ. ಆದರೆ ಹ್ಯಾಕ್ ಅನ್ನೋ ಮಾತು ಕಿವಿಗೆ ಬಿದ್ದ ಮೇಲೆ ಕಣ್ಣಿಗೂ ಅದೇ ಕಂಡಿತು. ಪೌಂಡಿನ ಗುರುತು ನೋಡಿ ಇದು ಪರದೇಶದವರದೇ ಕೆಲಸ ಅಂದುಕೊಂಡೆ. ಸಿಮೆಂಟ್ ವ್ಯಾಪಾರಿಯನ್ನು ನೋಡಿ ನಕ್ಕವನಿಗೂ ಅವನಿಗೂ ಏನು ವ್ಯತ್ಯಾಸ ಹೇಳಿ. ಅವನು ಇಟ್ಟಿಗೆ ಹೊತ್ತ, ಅಷ್ಟೇ. ಯಾರ ಮೇಲೂ ಹಾಕಲಿಲ್ಲ.

ಕೌಂಟರಿನ ಈಚೆ ಇದ್ದವರೆಲ್ಲ ಗೊಬ್ಬರ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಬಳ್ಳಾರಿಯಿಂದ ಬಂದ ಕಂಪ್ಯೂಟರ್ ಡಾಕ್ಟರು ಏನು ಹೇಳುತ್ತಾನೋ ಅಂತ. ಅಷ್ಟು ಜನ ನನ್ನ ಬಾಯನ್ನೇ ನೋಡಿದ್ದು ಅದೇ ಮೊದಲು. ಕೈ ಒರೆಸಿಕೊಂಡು, ಗಂಟಲು ಸರಿ ಮಾಡಿಕೊಂಡು, "ಹ್ಯಾಕ್ ಆಗೈತಿ. ಒಳಗಿನೋರು ಬಾಗಿಲು ತೆಗೀದೆ ಹೊರಗಿನೋರು ಬರಂಗಿಲ್ಲ" ಅಂದೆ. ಯಾರೋ ಹೇಳಿದ್ದನ್ನು ಎಲ್ಲೋ ಕೇಳಿದ್ದೆ. ಹೇಳೋಕೆ ಗಂಭೀರವಾಗಿತ್ತು, ಹೇಳಿಬಿಟ್ಟೆ.

ಎಲ್ಲರ ತಲೆಯೂ ಹುಲಿಗೆಮ್ಮನ ಕಡೆ ತಿರುಗಿತು. ಒಳಗಿನವರು ಅಂದರೆ ಆ ಕಂಪ್ಯೂಟರಿಗೆ ಅವಳೊಬ್ಬಳೇ. ಹಿಂದಿನ ವಾರ ಸಂಬಳದ ವಿಷಯಕ್ಕೆ ಅವಳಿಗೂ ಮ್ಯಾನೇಜರಿಗೂ ಮಾತಾಗಿತ್ತಂತೆ. ಅದನ್ನೂ ಯಾರೋ ಅಲ್ಲೇ ಅಂದರು.

ನಾನು ಅವಳ ಕಡೆ ತಿರುಗಿ ಕೇಳಿದೆ. "ಏನು ಒತ್ತಿದಿಯವ್ವ?"

ಅವಳು ಒಂದು ಸಲ ಪಂಪಾಪತಿಯ ಮುಖ ನೋಡಿದಳು. ಆಮೇಲೆ ನೆಲ ನೋಡಿಕೊಂಡು, "ಒತ್ತಿದ್ದು ನಾನೇ ಸಾರ್" ಅಂದಳು. ಮ್ಯಾನೇಜರ್ ಕಡೆ ಅವಳು ನೋಡಿದ್ದನ್ನು ನಾನು ಕಂಡೆ. ತಪ್ಪು ಮಾಡಿದವರ ಹೆದರಿಕೆ ಅಂದುಕೊಂಡೆ.

ಫೈಲುಗಳನ್ನಾದರೂ ಬೇರೆ ಕಡೆ ಉಳಿಸೋಣವೇ ಅಂತ ಪಂಪಾಪತಿ ಕೇಳಿದರು. ಕೊಳೆತದ್ದನ್ನು ಉಳಿಸಿದರೆ ಹೊಸದೂ ಕೊಳೆಯುತ್ತೆ ಅಂತ ನಾನೇ ಬೇಡ ಅಂದೆ. ಪೂರ್ತಿ ಒರೆಸಿದೆ. ಮೊದಲಿಂದ ಎಲ್ಲ ಹಾಕಿದೆ. ಕೊನೆಗೆ ಕನ್ನಡದ ಫಾಂಟನ್ನೂ ಹಾಕಿದೆ ನೋಡಿ, ನನ್ನ ಕೈಯಾರೆ. ಹಾಕುವಾಗಲೂ ತಲೆಗೆ ಹೊಳೆಯಲಿಲ್ಲ. ಒಂದು ಸಾಲು ಟೈಪ್ ಮಾಡಿ ತೋರಿಸಿದೆ, ದುಂಡುದುಂಡಗೆ ಕನ್ನಡ ಬಂತು. ನಾಲ್ಕು ಜನ ಭೇಷ್ ಅಂದರು. ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗದ್ದೆಯ ಗಾಳಿ ಕುಡಿಯುತ್ತ ಬಂದೆ. ನಾನು ಆ ಬಸ್ಸಿನಲ್ಲಿ ಇರುವಾಗಲೇ ಸೊಸೈಟಿಯವರು ಹುಲಿಗೆಮ್ಮನನ್ನು ಕೆಲಸದಿಂದ ಬಿಡಿಸಿದ್ದರು.

ಕೆಲವು ವಾರ ಕಳೆದಿರಬೇಕು, ಕುರುಗೋಡಿನಿಂದ ಎರ್ರಿಸ್ವಾಮಿ ಫೋನ್ ಮಾಡಿದ. ಅಲ್ಲಿ ಕಚೇರಿಗಳ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡವನು, ನನ್ನ ಹಳೇ ದೋಸ್ತ. "ಲೇ ಬಸ್ಯಾ, ನನ್ನ ಡಬ್ಬಿನೂ ಹ್ಯಾಕ್ ಆತಲೇ. ನಾ ಯಾರ ಮನಿ ಮುರದಿದ್ದೆ?" ಅಂದ.

ಹೋದೆ. ಅದೇ ಸೊಟ್ಟ ಅಕ್ಷರ, ಅದೇ ಪೌಂಡಿನ ಗುರುತು. ಸಿರುಗುಪ್ಪದ್ದನ್ನು ಹೇಳಿ, ಇದೂ ಅದೇ ಗುಂಪಿನ ಕೆಲಸ ಅಂದೆ. ಒರೆಸೋಕೆ ಪೆನ್ ಡ್ರೈವ್ ಚುಚ್ಚಿದೆ. ಎರ್ರಿಸ್ವಾಮಿಗೆ ತನ್ನ ಕಷ್ಟ ಪೂರ್ತಿ ತೋರಿಸದೆ ಸಮಾಧಾನ ಇಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ, ಹೊಸದೊಂದು ಹಾಳೆ ತೆಗೆದು, "ಹಳೇವು ಬಿಡು, ಹೊಸದಾಗಿ ಟೈಪ್ ಮಾಡಿದ್ರೂ ಹಂಗ ಬರ್ತಾವ ನೋಡಿಲ್ಲಿ" ಅಂದು, 'ಮಾನ್ಯರೇ' ಅಂತ ಟೈಪ್ ಮಾಡಿದ. ಅವನ ಬೆರಳು ಎದ್ದ ಹಾಗೆಲ್ಲ ಒಂದೊಂದು ಸೊಟ್ಟ ಅಕ್ಷರ ಎದ್ದಿತು.

ಹಳೇ ಫೈಲನ್ನು ಕಳ್ಳ ಕೆಡಿಸಬಹುದು. ಇನ್ನೂ ಹುಟ್ಟದೇ ಇದ್ದ 'ಮಾನ್ಯರೇ'ಯನ್ನು ಯಾರು ಕೆಡಿಸುತ್ತಾರೆ?

ಫಾಂಟುಗಳ ಪಟ್ಟಿ ತೆಗೆದು ನೋಡಿದೆ. ಕನ್ನಡದ್ದು ಇರಲಿಲ್ಲ. ಕೇಳಿದರೆ, ಕಂಪ್ಯೂಟರ್ ಜೋರಾಗಿ ಓಡಿಸೋದು ಹೇಗೆ ಅಂತ ಮೊಬೈಲಿನಲ್ಲಿ ವಿಡಿಯೊ ಬಂದಿತ್ತಂತೆ, ಅದರಲ್ಲಿ ಬೇಡದ ಫಾಂಟುಗಳನ್ನು ಅಳಿಸಿ ಅಂದಿದ್ದರಂತೆ, ಇವನು ಎಲ್ಲ ಅಳಿಸಿದ್ದನಂತೆ. ನನ್ನ ಪೆನ್ ಡ್ರೈವಿನಲ್ಲಿದ್ದ ಫಾಂಟ್ ಹಾಕಿದೆ. ಇಡೀ ಪರದೆ ಕನ್ನಡವಾಯಿತು. ಅರ್ಜಿಗಳು, ಕರಾರು ಪತ್ರಗಳು, ಒಂದು ಕಾಮಾ ಕೂಡ ಆಚೀಚೆ ಆಗಿರಲಿಲ್ಲ.

ಎರ್ರಿಸ್ವಾಮಿ ಕುಣಿದಾಡಿಬಿಟ್ಟ. ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತರಿಸಿ ಮುಂದಿಟ್ಟು, "ತಿನ್ನಲೇ, ಕಳ್ಳನ್ನ ಹಿಡದಿ" ಅಂದ. ಒಂದು ತುತ್ತು ಬಾಯಿಗೆ ಹಾಕಿಕೊಂಡೆ. ಎರಡನೇ ತುತ್ತನ್ನು ಎತ್ತಿ ಮತ್ತೆ ಕೆಳಗಿಟ್ಟೆ. ನನ್ನ ಕಣ್ಣಿನ ಮುಂದೆ ನೆಲ ನೋಡುತ್ತ ನಿಂತಿದ್ದ ಆ ಹುಡುಗಿ ಬಂದಳು. ಖಾರ ಹತ್ತಿತೇನಲೇ ಅಂತ ಎರ್ರಿಸ್ವಾಮಿ ನೀರು ಕೊಟ್ಟ.

ಅಂಗಡಿಗೆ ಬಂದು ರಾಯರಿಗೆ ಎಲ್ಲ ಹೇಳಿ, ಸಿರುಗುಪ್ಪಕ್ಕೆ ಹೋಗಿ ಒಪ್ಪಿಕೊಳ್ಳುತ್ತೇನೆ ಅಂದೆ. ಅವರು, ಅಂಗಡಿಯ ಹೆಸರು ಏನಾಗುತ್ತೆ ಅಂದರು. ಆಮೇಲೆ ಅವರೇ, ಹೋಗು, ಆದರೆ ನನ್ನನ್ನ ಕರೀಬೇಡ, ನಂಗೆ ನಾಚಿಕೆ ಆಗುತ್ತೆ ಅಂದರು. ನನಗೆ ಆಗೋದಿಲ್ಲವೇನೋ ಅನ್ನೋ ಹಾಗೆ.

ಸೊಸೈಟಿಯ ಅಧ್ಯಕ್ಷರು ಗಾದಿಲಿಂಗಪ್ಪನವರು, ಅಕ್ಕಿ ಗಿರಣಿ ಇದ್ದ ಹಿರಿಯರು. ಅವರ ಎದುರು, ಪಂಪಾಪತಿಯವರ ಎದುರು, ಸಭೆಯ ಕೋಣೆಗೆ ಆ ಕಂಪ್ಯೂಟರ್ ತರಿಸಿದೆ. ಆದರೆ ತೋರಿಸೋದು ಏನನ್ನ? ಹುಲಿಗೆಮ್ಮನ ಫೈಲುಗಳು ಇದ್ದಿದ್ದರೆ ಫಾಂಟ್ ಹಾಕಿ, ನೋಡಿ, ಎಲ್ಲ ನೆಟ್ಟಗಿದೆ ಅನ್ನಬಹುದಿತ್ತು. ಅವಳ ಪರವಾಗಿ ಇದ್ದ ಒಂದೇ ಸಾಕ್ಷಿಯನ್ನು ಒರೆಸಿದವನು ನಾನೇ. ಕೊನೆಗೆ ಹೊಸದಾಗಿ ಟೈಪ್ ಮಾಡಿದ್ದ ಒಂದು ನಡಾವಳಿ ತೆಗೆದು, ಅವರ ಕಣ್ಣೆದುರು ಫಾಂಟನ್ನು ಅಳಿಸಿದೆ. ಅಧ್ಯಕ್ಷರ ಹೆಸರು ಪೌಂಡು ಕೊಂಬು ಬಾಲವಾಯಿತು. ಮತ್ತೆ ಹಾಕಿದೆ, ಗಾದಿಲಿಂಗಪ್ಪ ಆಯಿತು. ಹಿರಿಯರು ಇನ್ನೊಂದು ಸಲ ಮಾಡು ಅಂದರು. ಮಾಡಿದೆ.

"ಹಂಗಾದ್ರ ಒಳಗ ಯಾರೂ ಬಂದಿದ್ದಿಲ್ಲ?" ಅಂದರು.

"ಯಾರೂ ಬಂದಿದ್ದಿಲ್ಲ ಯಜಮಾನ್ರ. ನಾನೊಬ್ಬನ ಬಂದಿದ್ದೆ."

ಹಿರಿಯರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಪಂಪಾಪತಿ, ಆಯಿತಲ್ಲ, ಆ ಹುಡುಗಿಗೆ ಹೇಳಿಕಳಿಸೋಣ, ಬಂದು ಕೂತುಕೊಳ್ಳಲಿ, ಇದನ್ನ ಊರ ಮುಂದೆ ಹರವೋದು ಯಾಕೆ ಅಂದರು. ನನಗೂ ಒಳಗೊಳಗೆ ಅದೇ ಬೇಕಾಗಿತ್ತು. ಹೇಳಿಬರೋ ಕೆಲಸ ನಾನೇ ಹೊತ್ತುಕೊಂಡೆ.

ಅವಳ ಹಳ್ಳಿಗೆ ಹೋದರೆ ಅವಳು ಊರಲ್ಲಿರಲಿಲ್ಲ. ಅವಳ ತಾಯಿ ಬಾಗಿಲಲ್ಲೇ ನಿಂತು ಹೇಳಿದರು. ನೀರಿನ ತಕರಾರಿನ ಅರ್ಜಿ, ವಿಮೆಯ ಕಾಗದ ಕಳಕೊಂಡ ರೈತರೆಲ್ಲ ಅದೇ ಬೀದಿಯವರು, ಅದೇ ಬಸ್ಸಿನವರು. ಒಬ್ಬರಾದ ಮೇಲೊಬ್ಬರು ಕೇಳಿದರಂತೆ, ನಮ್ಮ ಕಾಗದ ಯಾರಿಗೆ ಮಾರಿದಿ ಅಂತ. ಬಸ್ಸಿನಲ್ಲಿ ಪಕ್ಕ ಯಾರೂ ಕೂರದಾದರಂತೆ. ತಡೆಯಲಾರದೆ ಬಳ್ಳಾರಿಗೆ ಹೋದಳು, ಚಿಕ್ಕಮ್ಮನ ಮನೆಯಲ್ಲಿದ್ದು ಜೀನ್ಸ್ ಹೊಲಿಯುತ್ತಾಳೆ ಅಂದರು. ಕೂತುಕೋ ಅನ್ನಲಿಲ್ಲ. ನೀರು ಕೊಡಲಿಲ್ಲ. ನಮ್ಮ ಕಡೆ ಅದು ಎಂಥ ಮಾತು ಅಂತ ನಿಮಗೆ ಗೊತ್ತು.

ಬಳ್ಳಾರಿಯಲ್ಲಿ ಅವಳು ಹೊಲಿಯೋ ಜಾಗ ಹುಡುಕಿಕೊಂಡು ಹೋದೆ. ಊಟದ ಹೊತ್ತು. ಹೊರಗೆ ಬಂದಳು, ಕೂದಲ ಮೇಲೆಲ್ಲ ನೀಲಿ ಜುಂಗು. ನಿಂತೇ ಎಲ್ಲ ಹೇಳಿದೆ. ಹ್ಯಾಕ್ ಆಗಿರಲಿಲ್ಲ, ಫಾಂಟ್ ಯಾರೋ ಅಳಿಸಿದ್ದರು, ಅಷ್ಟೇ ಅಂದೆ.

"ಯಾರೋ ಅಲ್ರಿ ಸಾರ್, ನಾನೇ. ಒತ್ತಿದ್ದು ನಾನೇ ಅಂತ ಅವತ್ತೇ ಅಂದ್ನಲ್ಲ" ಅಂದಳು. ಪಂಪಾಪತಿ ಸಾಹೇಬರು ಹಿಂದೆ ನಿಂತು, ಮೊಬೈಲಿನಲ್ಲಿ ವಿಡಿಯೊ ನೋಡುತ್ತ, ಇದು ಒತ್ತು, ಇದು ಅಳಿಸು ಅಂದಿದ್ದರಂತೆ. ಅವಳು ಒತ್ತಿದ್ದಳು, ಅಳಿಸಿದ್ದಳು. ಅದರಿಂದಲೇ ಹೀಗಾಯಿತು ಅಂತ ಅವಳಿಗೂ ಗೊತ್ತಿರಲಿಲ್ಲ, ಸಾಹೇಬರಿಗೂ ಗೊತ್ತಿರಲಿಲ್ಲ.

ಇದನ್ನ ಯಾಕವ್ವ ಅವತ್ತೇ ಹೇಳಲಿಲ್ಲ ಅಂದೆ. ಈ ಪ್ರಶ್ನೆ ಕೇಳೋಕೂ ನನಗೆ ಬಾಯಿ ಇತ್ತು ನೋಡಿ.

"ನೀವು ಏನು ಒತ್ತಿದಿ ಅಂದ್ರಿ. ಏನಾತು ಅಂತ ಕೇಳ್ಲಿಲ್ಲ. ಸಾಹೇಬ್ರು ಎದುರಿಗೇ ನಿಂತಿದ್ರು, ಅಷ್ಟು ಜನ ನೋಡಾಕತ್ತಿದ್ರು. ಏನಾತು ಅಂದಿದ್ರ ಹೇಳ್ತಿದ್ನೇನೋ."

ಹೊಸಬರಿಗೆ ಒಂದು ಮಾತು ಹೇಳಬೇಕಾದರೆ ನಾನು ಇದನ್ನೇ ಹೇಳೋದು. ಕಂಪ್ಯೂಟರಿನ ಮುಂದೆ ಕೂತವರಿಗೆ ಏನು ಮಾಡಿದೆ ಅಂತ ಕೇಳಬೇಡಿ. ಏನಾಯಿತು ಅಂತ ಕೇಳಿ, ಕೇಳಿ ಸುಮ್ಮನೆ ಕೂತುಕೊಳ್ಳಿ. ಸಾಹೇಬರು ಪಕ್ಕದಲ್ಲಿದ್ದರೆ ಚಹಾ ಹೇಳಿ ಬನ್ನಿ ಅಂತ ಕಳಿಸಿ. ಒರೆಸೋದು ಎಲ್ಲಿಗೂ ಓಡಿಹೋಗೋದಿಲ್ಲ. ಒರೆಸಿದ್ದು ಮಾತ್ರ ತಿರುಗಿ ಬರೋದಿಲ್ಲ.

ಕೆಲಸ ವಾಪಸ್ ಕೊಡುತ್ತಾರೆ, ಬಾರವ್ವ ಅಂದೆ.

"ಬರ್ತೀನೋ ಇಲ್ಲೋ ಆಮ್ಯಾಲಿನ ಮಾತು. ನೀವು ಎಲ್ಲಿ ನಿಂತು ಅಂದ್ರಿ, ಅಲ್ಲೇ ನಿಂತು ಹೇಳ್ರಿ ಸಾರ್. ಮಂದಿ ಇರೋ ದಿನ. ಅವತ್ತು ನಾನೂ ಬರ್ತೀನಿ."

ಪಂಪಾಪತಿ ಒಪ್ಪಲಿಲ್ಲ. ಗಾದಿಲಿಂಗಪ್ಪನವರು ಒಪ್ಪಿದರು, ಅವರು ಒಪ್ಪಿದ ಮೇಲೆ ಇನ್ನೇನು. ಮುಂದಿನ ಸಲ ಗೊಬ್ಬರದ ಲಾರಿ ಬಂದ ದಿನ ನಾನು ಸಿರುಗುಪ್ಪಕ್ಕೆ ಹೋದೆ. ಹುಲಿಗೆಮ್ಮ ತಾಯಿಯ ಜೊತೆ ಬಂದಿದ್ದಳು. ಕೌಂಟರಿನ ಆಚೆ ಹೋಗಲಿಲ್ಲ, ರೈತರ ನಡುವೆ, ಈಚೆ ಕಡೆಗೇ ನಿಂತಳು. ಅವಳ ಸುತ್ತ ಸ್ವಲ್ಪ ಜಾಗ ಖಾಲಿ ಇತ್ತು. ಅಷ್ಟು ಗದ್ದಲದಲ್ಲೂ ಆ ಖಾಲಿ ಜಾಗಕ್ಕೆ ಯಾರೂ ಕಾಲಿಡಲಿಲ್ಲ.

ಹೇಳೋದನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಎದ್ದು ನಿಂತಾಗ ಅದು ಹೋಗಿ, ಬಾಯಿಗೆ ಬಂದದ್ದು ಬೇರೆ. ಅಣ್ಣಾರ, ಹೋದ ಸಲ ಕಂಪ್ಯೂಟರ್ ಕೆಟ್ಟಿತ್ತಲ್ಲ, ಅದು ಹ್ಯಾಕ್ ಆಗಿದ್ದಿಲ್ಲ, ಮಷೀನಿನ ತೊಂದರೆ ಆಗಿತ್ತು, ಈ ಹುಡುಗಿಯದು ಏನೂ ಇಲ್ಲ ಅಂದೆ. ಮೆತ್ತಗೆ ಅಂದೆ. ಮುಂದೆ ನಿಂತ ಒಬ್ಬಿಬ್ಬರು ಹೌದಾ ಅಂದರು. ಪಂಪಾಪತಿ ಲಾರಿಯ ಕಡೆ ನೋಡುತ್ತಿದ್ದರು. ಮುಗಿಯಿತು ಅಂತ ನಾನು ಕೂರೋಕೆ ಹೋದೆ.

"ಇನ್ನೊಂದ್ಸಲ ಹೇಳ್ರಿ ಸಾರ್" ಅಂದಳು ಹುಲಿಗೆಮ್ಮ. "ಹಿಂದ ಕುಂತೋರಿಗೆ ಕೇಳ್ಲಿಲ್ಲ. ಮಷೀನು ಅನ್ನಬ್ಯಾಡ್ರಿ. ಯಾರು ಅಂತ ಹೇಳ್ರಿ."

ಹಿಂದೆ ಗೊಬ್ಬರದ ಚೀಲಗಳ ಮೇಲೆ ಕೂತವರು ಎದ್ದು ನಿಂತರು. ಲಾರಿಯವನೂ ಇಂಜಿನ್ ಆರಿಸಿದ. ಈ ಸಲ ಕೈ ಒರೆಸಿಕೊಳ್ಳಲಿಲ್ಲ, ಗಂಟಲು ಸರಿ ಮಾಡಿಕೊಳ್ಳಲಿಲ್ಲ.

"ಅಳಿಸು ಅಂದಿದ್ದು ಮ್ಯಾನೇಜರ್ ಸಾಹೇಬ್ರು. ಈಕಿ ಅವರು ಹೇಳಿದ್ದು ಮಾಡ್ಯಾಳ. ಅದಕ್ಕ ಅಕ್ಷರ ಕಾಣದಂಗ ಆಗಿತ್ತು, ಹಾಳಾಗಿದ್ದಿಲ್ಲ. ನಿಮ್ಮ ಕಾಗದ ಎಲ್ಲ ಒಳಗ ನೆಟ್ಟಗಿದ್ವು. ಅವನ್ನ ಒರೆಸಿದಾಂವ ನಾನು. ಈಕಿ ಮ್ಯಾಲೆ ಹಾಕಿದಾಂವನೂ ನಾನು."

ಚೀಲಗಳ ಹತ್ತಿರದಿಂದ ಒಬ್ಬ ಮುದುಕಿ, "ಈಗ ಕೇಳ್ತು ನೋಡಪ್ಪ" ಅಂದಳು. ಅಂದು, ಜನರನ್ನು ದಾಟಿಕೊಂಡು ಬಂದು, ಹುಲಿಗೆಮ್ಮನ ಪಕ್ಕದ ಆ ಖಾಲಿ ಜಾಗದಲ್ಲಿ ನಿಂತಳು.